ಮುಧೋಳ ನಾಯಿಯ ಬುದ್ಧಿ ಮತ್ತು ಅದನ್ನು ಪಳಗಿಸುವ ಬಗೆ



ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ತೋಟದ ಮನೆಗಳಲ್ಲಿ, ಕುರಿಹಟ್ಟಿಗಳಲ್ಲಿ ತೆಳ್ಳನೆಯ ಮೈ, ಉದ್ದ ಕಾಲಿನ ಮುಧೋಳ ನಾಯಿ ಹೊಸದಲ್ಲ. ಮುಧೋಳವೂ ಇಲ್ಲಿಗೆ ದೂರವಿಲ್ಲ. ಆದರೆ ಈ ನಾಯಿಯ ಮೇಲೆ ಒಂದು ದೂರು ಇದ್ದೇ ಇದೆ: "ಓಟ ಐತಿ, ಬುದ್ಧಿ ಇಲ್ಲ. ಕರೆದ್ರ ಬರೂದಿಲ್ಲ." ಹೀಗೆಂದು ಒಳ್ಳೆಯ ನಾಯಿಯನ್ನು ದಿನವಿಡೀ ಸರಪಳಿಯಲ್ಲಿ ಕಟ್ಟಿಹಾಕುವವರಿದ್ದಾರೆ, ಊರಾಚೆ ಬಿಟ್ಟು ಬರುವವರೂ ಇದ್ದಾರೆ.

ಈ ದೂರು ನ್ಯಾಯವಾದುದಲ್ಲ. ಮೂಗಿನಿಂದ ಜಾಡು ಹಿಡಿಯುವ ತಳಿಗಳಿವೆ. ಮುಧೋಳ ನಾಯಿಯಾದರೋ ಕಣ್ಣಿನಿಂದ ಬೇಟೆಯಾಡುವ ತಳಿ. ದೂರದಲ್ಲಿ ಏನಾದರೂ ಓಡಿತೆಂದರೆ ಬೆನ್ನಟ್ಟುವುದು ಅದರ ಹುಟ್ಟುಗುಣ. ಒಡೆಯನ ಅಪ್ಪಣೆಗೆ ಕಾಯುತ್ತ ನಿಂತರೆ ಮೊಲ ಸಿಕ್ಕೀತೆ? ತಾನೇ ನಿರ್ಧರಿಸಿ ನುಗ್ಗುವ ನಾಯಿಯನ್ನೇ ಹಿರಿಯರು ಆರಿಸಿ ಬೆಳೆಸಿದರು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಗೆ ಆಶ್ರಯ ಕೊಟ್ಟರು. ಆದ್ದರಿಂದ ಓಟಕ್ಕೆ ಬಿದ್ದ ನಾಯಿಯನ್ನು ಹಿಂದಿನಿಂದ ಕೂಗುವುದು ವ್ಯರ್ಥ. 'ಬಾ' ಎಂಬ ಪಾಠವನ್ನು ಅದಕ್ಕೆ ಮೊದಲೇ, ಏನೂ ಓಡದ ಅಂಗಳದಲ್ಲಿ ಕಲಿಸಿರಬೇಕು.

ಇನ್ನು ಹೆಚ್ಚಾಗಿ ಆಗುವ ತಪ್ಪು ಬೇರೆಯೇ ಇದೆ. ನಾಯಿ ಕುರಿಮರಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಬಾಲ ಆಡಿಸುತ್ತ ತಾನಾಗಿ ಮರಳುತ್ತದೆ. ಕುರಿಗಾರ ಸಿಟ್ಟಿನಿಂದ ಬಡಿಗೆ ಬೀಸುತ್ತಾನೆ. ಮರಿಯನ್ನು ಅಟ್ಟಿದ್ದಕ್ಕೆ ಶಿಕ್ಷೆ ಕೊಟ್ಟೆ ಎಂದು ಅವನ ಎಣಿಕೆ. ನಾಯಿ ತಿಳಿಯುವುದು ಇಷ್ಟೇ: ಇವನ ಹತ್ತಿರ ಹೋದರೆ ಪೆಟ್ಟು. ಮರುದಿನ ಕರೆದರೆ ಇಪ್ಪತ್ತು ಮಾರು ದೂರವೇ ನಿಲ್ಲುತ್ತದೆ. ಕರೆದರೆ ಬರಬೇಡವೆಂದು ಕಲಿಸಿದವನು ಅವನೇ! ಒಂದರ ಬೆನ್ನಿಗೇ ಇನ್ನೊಂದು ನಡೆದರೆ ನಾಯಿ ಎರಡನ್ನೂ ಜೋಡಿಸಿಕೊಳ್ಳುತ್ತದೆಂದು ರಷ್ಯದ ವಿಜ್ಞಾನಿ ಪಾವ್ಲೋವ್ ತೋರಿಸಿಕೊಟ್ಟರು. ಬಹುಮಾನವಾಗಲಿ ಗದರಿಕೆಯಾಗಲಿ ಆ ಕ್ಷಣದಲ್ಲೇ ಸಿಗಬೇಕು. ಮರಳಿ ಬಂದ ನಾಯಿಗೆ, ಎಷ್ಟೇ ತಡವಾಗಿ ಬಂದಿರಲಿ, ಪೆಟ್ಟು ಕೊಡಬಾರದು.

ಮರಿಯನ್ನು ಎಂಟು ವಾರ ತುಂಬುವ ಮೊದಲು ತಾಯಿಯಿಂದ ಅಗಲಿಸಬಾರದು. ಸುಮಾರು ಮೂರು ತಿಂಗಳೊಳಗೆ ಅದು ಕುರಿ, ದನ, ಮಕ್ಕಳು, ಟ್ರ್ಯಾಕ್ಟರು ಎಲ್ಲವನ್ನೂ ಹೆದರಿಕೆಯಿಲ್ಲದೆ ನೋಡಿರಬೇಕು. ಈ ವಯಸ್ಸು ಕಳೆದ ಮೇಲೆ ಕಷ್ಟ. ಮನೆಯವರೆಲ್ಲ ಒಂದೇ ಮಾತು ಬಳಸಬೇಕು. ಅಪ್ಪ 'ಬಾ' ಎಂದು, ಮಗ ಸಿಳ್ಳೆ ಹಾಕಿ ಕರೆದರೆ ಮರಿ ಯಾವುದನ್ನು ಕಲಿಯಬೇಕು? ಬಂದೊಡನೆ ರೊಟ್ಟಿಯ ಚೂರು ಕೊಡಿ. ಪಾಠ ಐದು ನಿಮಿಷ ಸಾಕು, ದಿನಕ್ಕೆರಡು ಸಲ. ಅಂಗಳದಲ್ಲಿ ಕಲಿತ ಮೇಲೆ ಹೊಲದಲ್ಲಿ ಉದ್ದನೆಯ ಹಗ್ಗ ಕಟ್ಟಿ ಕಲಿಸಿ, ಕೊನೆಗೆ ಕುರಿಗಳ ನಡುವೆ. ಓಡಿ ಹಗ್ಗ ಜಗ್ಗಿದರೆ ಕುತ್ತಿಗೆಗೆ ಪೆಟ್ಟಾಗುವುದರಿಂದ ಎದೆಪಟ್ಟಿಗೆ ಕಟ್ಟುವುದು ಲೇಸು. ಮೊಲ ತೋರಿಸಿ ಹುರುಪು ಕೊಡುವ ಹಳೆಯ ರೂಢಿ ಬೇಡ. 1972ರ ವನ್ಯಜೀವಿ ಕಾಯ್ದೆಯಂತೆ ಮೊಲದ ಬೇಟೆ ಅಪರಾಧ.

ಈ ತಳಿ ಕಲಿಯಲಾರದೆಂಬ ಮಾತನ್ನು ಸೇನೆಯೂ ಒಪ್ಪಲಿಲ್ಲ. ಬೀದರಿನ ಪಶು ವಿಶ್ವವಿದ್ಯಾಲಯಕ್ಕೆ ಸೇರಿದ ಮುಧೋಳ ಹತ್ತಿರದ ತಿಮ್ಮಾಪುರ ಶ್ವಾನ ಕೇಂದ್ರದಿಂದ 2016ರಲ್ಲಿ ಮರಿಗಳನ್ನು ಪಡೆದು ಮೀರತ್‌ನಲ್ಲಿ ತರಬೇತಿ ಕೊಡತೊಡಗಿತು.

ಮರಿಗೆ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಮುಂದಿನ ಲಸಿಕೆಯ ದಿನವನ್ನು ಪಶುವೈದ್ಯರಿಂದ ಬರೆಸಿಕೊಳ್ಳಿ.