ಕಣ್ಣು ಅಲ್ಲಾಹನ ಅಮಾನತು

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರ, ಸಹಾಬಿಗಳ ಮೇಲೂ ಅಲ್ಲಾಹನ ಕೃಪೆ ಇರಲಿ.

ಸಹೋದರರೇ, ಮಿಂಬರ್‌ನಿಂದ ಶುಗರ್ ಕಾಯಿಲೆಯ ಮಾತೇಕೆ ಎಂದು ನಿಮಗೆ ಅನಿಸಬಹುದು. ಅದಕ್ಕೊಂದು ಕಾರಣವಿದೆ.

ನಮ್ಮ ಜಮಾಅತಿನ ಹಿರಿಯರೊಬ್ಬರು ದಿನಾಲೂ ಫಜ್ರ್ ನಮಾಝಿನ ನಂತರ ಮಸೀದಿಯ ಮೂಲೆಯಲ್ಲಿ ಕುಳಿತು ಕುರ್‌ಆನ್ ಓದುತ್ತಿದ್ದರು. ಕಳೆದ ಮಳೆಗಾಲದಲ್ಲಿ ಒಂದು ದಿನ ಮುಸ್‌ಹಫ್ ಮುಚ್ಚಿಟ್ಟು, ‘ಉಸ್ತಾದರೇ, ಅಕ್ಷರದ ಮೇಲೆ ಕಪ್ಪು ನೂಲು ಓಡಾಡಿದ ಹಾಗೆ ಕಾಣ್ತದೆ’ ಎಂದರು. ವಯಸ್ಸಾಯಿತು, ಪೊರೆ ಬಂದಿರಬೇಕು ಎಂದೆವು ನಾವು. ದುಆ ಮಾಡಿದೆವು. ಅವರಿಗೆ 12 ವರ್ಷಗಳಿಂದ ಶುಗರ್ ಇರುವುದು ನಮಗೆ ಗೊತ್ತಿತ್ತು. ಆದರೂ ‘ಕಣ್ಣು ತೋರಿಸಿದ್ದೀರಾ’ ಎಂದು ಕೇಳಲಿಲ್ಲ. ತಿಂಗಳುಗಳ ಮೇಲೆ ಮಗ ವೈದ್ಯರಲ್ಲಿಗೆ ಕರೆದೊಯ್ದಾಗ ಒಂದು ಕಣ್ಣಿನ ದೃಷ್ಟಿ ಬಹುಪಾಲು ಹೋಗಿತ್ತು. ಇನ್ನೊಂದು ಲೇಸರ್ ಚಿಕಿತ್ಸೆಯಿಂದ ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇವೆ.

ನೀವು ತೋಟದಲ್ಲಿ ದುಡಿಯುವವರು. ಅರೇಬಿಕಾ ಗಿಡಕ್ಕೆ ಬೋರರ್ ಹೊಕ್ಕರೆ ಮೊದಮೊದಲು ಎಲೆ ಹಸಿರಾಗಿಯೇ ಇರುತ್ತದೆ. ಹುಳು ಒಳಗೆ ಕೊರೆಯುತ್ತಿರುತ್ತದೆ. ಅದಕ್ಕೇ ತಿಳಿದವರು ಎಲೆ ನೋಡಿ ಸುಮ್ಮನಾಗುವುದಿಲ್ಲ, ಕಾಂಡದ ಮೇಲಿನ ಉಬ್ಬುಗೆರೆ ಹುಡುಕುತ್ತಾರೆ. ಶುಗರ್ ಕಣ್ಣಿಗೆ ಮಾಡುವುದೂ ಇದನ್ನೇ. ಕಣ್ಣಿನ ಹಿಂಬದಿಯಲ್ಲಿ ರೆಟಿನಾ ಎಂಬ ಪರದೆಯಿದೆ. ಅಲ್ಲಿನ ಸಣ್ಣ ರಕ್ತನಾಳಗಳು ದುರ್ಬಲವಾಗಿ ಸೋರುತ್ತವೆ. ಆಗಲೂ ಮನುಷ್ಯನಿಗೆ ಎಲ್ಲವೂ ಸರಿಯಾಗಿ ಕಾಣುತ್ತಿರುತ್ತದೆ, ನೋವೂ ಇರುವುದಿಲ್ಲ. ಮಂಜಾಗುವ ಹೊತ್ತಿಗೆ ಹಾನಿ ಮುಂದುವರಿದಿರಬಹುದು. ಹೋದ ದೃಷ್ಟಿಯನ್ನು ಮರಳಿ ತರುವುದು ಬಹಳ ಕಷ್ಟ. ಇರುವುದನ್ನು ಉಳಿಸಲು ಲೇಸರ್ ಇದೆ, ಇಂಜೆಕ್ಷನ್ ಇದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಶುಗರ್ ಇದೆ. ಇಷ್ಟು ಜನರ ರೆಟಿನಾ ನೋಡಲು ಕಣ್ಣಿನ ವೈದ್ಯರು ಎಲ್ಲಿ ಸಾಲುತ್ತಾರೆ?

ಇಲ್ಲಿ ಅಲ್ಲಾಹನು ಮನುಷ್ಯನಿಗೆ ಕೊಟ್ಟ ಬುದ್ಧಿ ಒಂದು ದಾರಿ ತೋರಿಸಿದೆ. ಕ್ಯಾಮೆರಾ ರೆಟಿನಾದ ಫೋಟೋ ತೆಗೆಯುತ್ತದೆ, ಕಂಪ್ಯೂಟರ್ ಅದನ್ನು ಪರೀಕ್ಷಿಸುತ್ತದೆ. 2016ರಲ್ಲಿ ಗೂಗಲ್ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಕಣ್ಣಿನ ವೈದ್ಯರು ನೋಡಿ ಗುರುತಿಸಿದ್ದ ಸುಮಾರು 1,28,000 ಫೋಟೋಗಳಿಂದ ಕಂಪ್ಯೂಟರಿಗೆ ಈ ಕೆಲಸ ಕಲಿಸಲಾಗಿತ್ತು. ಮದುರೈನ ಅರವಿಂದ ಮತ್ತು ಚೆನ್ನೈನ ಶಂಕರ ನೇತ್ರಾಲಯ ಆಸ್ಪತ್ರೆಗಳೂ ಅದರಲ್ಲಿ ಕೈಜೋಡಿಸಿದ್ದವು. ಬೆಂಗಳೂರಿನ ರೆಮಿಡಿಯೊ ಕಂಪನಿಯ ಕ್ಯಾಮೆರಾ ಮೊಬೈಲ್ ಫೋನಿನೊಂದಿಗೇ ಕೆಲಸ ಮಾಡುತ್ತದೆ. ಫೋಟೋ ಪರೀಕ್ಷಿಸಲು ಅದಕ್ಕೆ ಇಂಟರ್ನೆಟ್ ಬೇಕಿಲ್ಲ. ನೆಟ್‌ವರ್ಕಿಗಾಗಿ ಗುಡ್ಡ ಹತ್ತುವ ನಮಗೆ ಅದರ ಬೆಲೆ ಗೊತ್ತು.

ಆದರೆ ಯಂತ್ರ ವೈದ್ಯನಲ್ಲ. ಯಾರನ್ನು ವೈದ್ಯರ ಬಳಿ ಕಳುಹಿಸಬೇಕು ಎಂದಷ್ಟೇ ಅದು ಹೇಳುತ್ತದೆ. ಪೊರೆಯಿಂದ ಫೋಟೋ ಸ್ಪಷ್ಟವಾಗಿ ಬರದಿದ್ದರೂ ವೈದ್ಯರೇ ನೋಡಬೇಕು. ‘ತೊಂದರೆಯಿಲ್ಲ’ ಎಂದು ಬಂದರೂ ಮುಂದಿನ ವರ್ಷ ಮತ್ತೆ ಮಾಡಿಸಬೇಕು. ನಡುವೆ ಕಣ್ಣು ಮಂಜಾದರೆ ಕಾಯಬಾರದು. ‘ವೈದ್ಯರಿಗೆ ತೋರಿಸಿ’ ಎಂಬ ಚೀಟಿ ಕೊಟ್ಟ ಮೇಲೆ ಅದನ್ನು ಜೇಬಿನಲ್ಲಿಟ್ಟು ತಿರುಗಿದರೆ ಫೋಟೋ ತೆಗೆಸಿ ಏನು ಫಲ?

ಕೆಲವರು ‘ಎಲ್ಲ ಅಲ್ಲಾಹನ ವಿಧಿ’ ಎನ್ನುತ್ತಾರೆ. ನಿಜ. ಆದರೆ ಚಿಕಿತ್ಸೆ ಮಾಡಿಸಬಹುದೇ ಎಂದು ಕೇಳಿದವರಿಗೆ ಮಾಡಿಸಿರಿ ಎಂದೇ ಪ್ರವಾದಿ(ಸ) ಕಲಿಸಿದರು. ದೃಷ್ಟಿಯಿಲ್ಲದವರು ಯಾರಿಗೂ ಕಡಿಮೆಯಲ್ಲ. ಅಂಧರಾಗಿದ್ದ ಇಬ್ನು ಉಮ್ಮಿ ಮಕ್ತೂಮ್(ರ) ಮದೀನಾದಲ್ಲಿ ಅಝಾನ್ ಕೊಡುತ್ತಿದ್ದರು, ಪ್ರವಾದಿ(ಸ) ಪ್ರಯಾಣ ಹೋದಾಗ ಊರಿನ ಹೊಣೆಯನ್ನೂ ಹೊತ್ತಿದ್ದರು. ಬಂದ ಪರೀಕ್ಷೆಯಲ್ಲಿ ಸಬ್ರ್ ವಹಿಸುವುದು ಬೇರೆ, ನಮ್ಮ ಅಸಡ್ಡೆಗೆ ವಿಧಿಯೆಂದು ಹೆಸರಿಡುವುದು ಬೇರೆ. ದೃಷ್ಟಿಯೂ ಒಂದು ಅಮಾನತು, ಅದರ ಬಗ್ಗೆಯೂ ನಾಳೆ ವಿಚಾರಣೆಯಿದೆ.

ಇನ್ನೊಂದು ಮಾತು. ಬಾಳೂರಿನಿಂದ ಮೂಡಿಗೆರೆಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ಗಂಡಸರು ಹೇಗೋ ಹೋಗುತ್ತಾರೆ, ಉಮ್ಮ ಮನೆಯಲ್ಲೇ ಉಳಿಯುತ್ತಾರೆ. ಶುಗರ್ ಮಾತ್ರೆ ತಂದುಕೊಡುವ ಮಗ, ಉಮ್ಮನ ಕಣ್ಣಿನ ಪರೀಕ್ಷೆ ಆಗಿದೆಯೇ ಎಂದು ಇಂದೇ ಕೇಳಲಿ. ಶುಗರ್ ಇರುವ ಹೆಣ್ಣುಮಗಳು ಗರ್ಭಿಣಿಯಾದರೆ ವರ್ಷ ತುಂಬಲು ಕಾಯದೆ ಬೇಗ ತೋರಿಸಬೇಕು. ಕಣ್ಣಿಗೆ ಹನಿ ಹಾಕಿದರೆ ಕೆಲವು ಗಂಟೆ ಮಂಜಾಗುತ್ತದೆ, ಜೊತೆಗೊಬ್ಬರು ಹೋಗಿ, ಬೈಕ್ ಓಡಿಸಬೇಡಿ. ಕಣ್ಣಿಗೆ ಹನಿ ಹಾಕಿದರೆ ಉಪವಾಸ ಮುರಿಯುವುದಿಲ್ಲ ಎಂದು ಶಾಫಿ, ಹನಫಿ ಎರಡೂ ಮದ್‌ಹಬ್‌ಗಳಲ್ಲಿದೆ. ರಮಝಾನಿನ ನೆಪವೂ ಬೇಡ.

ನಮಾಝಿನ ನಂತರ ಮದ್ರಸದಲ್ಲಿ ಒಂದು ಪುಸ್ತಕ ಇಟ್ಟಿರುತ್ತೇವೆ. ಶುಗರ್ ಇರುವವರು ಹೆಸರು ಬರೆಸಿರಿ. ನೆರೆಮನೆಯವರು ಯಾವ ಧರ್ಮದವರಾದರೂ ಅವರ ಹೆಸರನ್ನೂ ಕೇಳಿ ಬರೆಸಿರಿ. ಕಣ್ಣಿನ ತಪಾಸಣೆಗೆ ಹೋಗಲು ಜೀಪಿನ ಬಾಡಿಗೆ ಜಮಾಅತ್ ಕೊಡುತ್ತದೆ. ಆ ಹಿರಿಯರಿಗೆ ಕೇಳದ ಪ್ರಶ್ನೆಯನ್ನು ಇನ್ನು ಮುಂದೆ ನಾವು ಪ್ರತಿಯೊಬ್ಬರಿಗೂ ಕೇಳುತ್ತೇವೆ. ನೀವೂ ನಮ್ಮನ್ನು ಕೇಳಿರಿ.

ಅಲ್ಲಾಹನು ನಮ್ಮ ಹಿರಿಯರ ದೃಷ್ಟಿಯನ್ನು ಕಾಪಾಡಲಿ. ಕಳೆದುಕೊಂಡವರಿಗೆ ಉತ್ತಮ ಪ್ರತಿಫಲ ನೀಡಲಿ. ನಮ್ಮ ಅಸಡ್ಡೆಯನ್ನು ಮನ್ನಿಸಲಿ. ಆಮೀನ್.