ಹೆಂಡಿರು ಮಕ್ಕಳಿಗೆ ಸರಕಾರಿ ಸಾಕ್ಷಿ

(ಬೈಲಹೊಂಗಲದಲ್ಲಿ ಕೂಡಿದ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಜನ ದುಡಿಯಲು ಹೊರಗೆ ಹೋಗುವುದು ಹೊಸ ಸಂಗತಿಯಲ್ಲ. ಗೋವೆಗೋ ಪುಣೆಗೋ ಹೋಗುವವನು ಹಾಸಿಗೆ ಸುತ್ತಿಕೊಂಡರೆ ಸಾಕು. ಹೆಂಡತಿ ಮಕ್ಕಳು ಅದೇ ಬಸ್ಸಿನಲ್ಲಿ ಕೂಡುತ್ತಾರೆ. ಅರಬರ ದೇಶಕ್ಕೆ ಹೋದವನ ಪಾಡು ಬೇರೆ. ಇವಳು ನನ್ನ ಹೆಂಡತಿ, ಇವು ನನ್ನ ಮಕ್ಕಳು ಎಂದು ಅವನು ಕಾಗದದ ಮೂಲಕ ಸಿದ್ಧಮಾಡಬೇಕು. ಆ ಕಾಗದ ಹುಟ್ಟುವುದು ದುಬೈಯಲ್ಲಲ್ಲ, ನಮ್ಮ ಚಾವಡಿಯಲ್ಲಿ, ನಮ್ಮ ಪುರಸಭೆಯಲ್ಲಿ.

ಮೊದಲು ಒಂದು ಕಹಿ ಮಾತು. ಕುಟುಂಬದ ವೀಸಾ ಎಲ್ಲ ದುಡಿಮೆಗಾರರಿಗೂ ಸಿಗುವ ವಸ್ತುವಲ್ಲ. ಸಂಯುಕ್ತ ಅರಬ್ ಸಂಸ್ಥಾನಗಳು 2019ರಲ್ಲಿ ಮಾಡಿದ ನಿಯಮದ ಪ್ರಕಾರ ತಿಂಗಳಿಗೆ 4000 ದಿರ್ಹಮ್, ಇಲ್ಲವೆ 3000 ದಿರ್ಹಮ್ ಮತ್ತು ವಸತಿ ಇದ್ದವನೇ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು. ಕುವೈತ್ 2024ರಲ್ಲಿ 800 ದಿನಾರ್ ಎಂದಿತು. ಅದು ನಮ್ಮ ಎರಡು ಲಕ್ಷ ರೂಪಾಯಿಗೂ ಮೀರಿದ ಪಗಾರ! ಗಾರೆ ಕೆಲಸದವನು ಬಂಗಲೆ ಕಟ್ಟಬಹುದು, ತನ್ನ ಸಂಸಾರವನ್ನು ಮಾತ್ರ ಅಲ್ಲಿ ಹೂಡುವಂತಿಲ್ಲ. ಆದುದರಿಂದ ದಲ್ಲಾಳಿಗೆ ಒಂದು ಪೈಸೆ ಕೊಡುವ ಮುಂಚೆ ಪಗಾರದ ಕರಾರುಪತ್ರವನ್ನು ಓದಿಸಿ ನೋಡಿರಿ. ಅಂಕಿ ಸಾಲದಿದ್ದರೆ ಇಲ್ಲಿಯ ಯಾವ ದಾಖಲೆಯೂ ಕೆಲಸಕ್ಕೆ ಬಾರದು.

ಪಗಾರ ಸಾಕಷ್ಟಿದೆ ಎಂದು ಹಿಡಿಯೋಣ. ಆಗ ನಮ್ಮವರು ಓಡುವುದು ಎಲ್ಲಿಗೆ? ನಾಡಕಚೇರಿಗೆ, ವಂಶಾವಳಿ ಕೇಳಲು. ಇದು ತಪ್ಪು ದಾರಿ. ವಂಶಾವಳಿ ಎಂಬುದು ಹೊಲದ ವಾರಸಾ ಗೊತ್ತುಮಾಡಲು ಹುಟ್ಟಿದ ಕಾಗದ. ಸತ್ತವರ ಹೆಸರು ಉತಾರದಿಂದ ಇಳಿದು ಇದ್ದವರ ಹೆಸರು ಏರಬೇಕಾದಾಗ ಅದು ಬೇಕು. ನಮ್ಮ ಕಂದಾಯ ಆಡಳಿತಕ್ಕೆ ಭೂಮಿಯ ಗುರುತು ಚೆನ್ನಾಗಿದೆ, ಮನುಷ್ಯರ ಗುರುತು ಭೂಮಿಯ ಮೂಲಕ ಮಾತ್ರ. ಗೇಣು ಹೊಲವಿಲ್ಲದ ಗಿರಣಿ ಕೂಲಿಗಾರನ ಮನೆತನವನ್ನು ಅದು ಎಲ್ಲಿ ಬರೆದಿಟ್ಟಿದೆ?

ರೇಶನ್ ಕಾರ್ಡಿನಲ್ಲಿದೆಯಲ್ಲ ಎನ್ನುವಿರಿ. ತೆಗೆದು ನೋಡಿರಿ. 2013ರ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಮನೆಯ ಹಿರಿಯ ಹೆಣ್ಣುಮಗಳೇ ಕುಟುಂಬದ ಯಜಮಾನಿ. ಒಳ್ಳೆಯ ಕಾಯಿದೆ, ನಾವು ಒಪ್ಪತಕ್ಕದ್ದೇ. ಆದರೆ ಉಳಿದವರ ಸಂಬಂಧವನ್ನೆಲ್ಲ ಆಕೆಯಿಂದ ಎಣಿಸುತ್ತಾರೆ: ಮಗ, ಮಗ, ಸೊಸೆ, ಸೊಸೆ, ಮೊಮ್ಮಗ. ಯಾವ ಸೊಸೆ ಯಾವ ಮಗನ ಹೆಂಡತಿ? ಕಾರ್ಡು ಹೇಳುವುದಿಲ್ಲ. ಓಣಿಗೆಲ್ಲ ಗೊತ್ತಿದ್ದರೂ ಪರದೇಶದ ಅಧಿಕಾರಿಗೆ ಹೇಗೆ ಗೊತ್ತಾಗಬೇಕು?

ಅವನು ಕೇಳುವ ಮುಖ್ಯ ಕಾಗದ ಎರಡೇ. ಒಂದು ಮದುವೆಯ ನೋಂದಣಿ ಪತ್ರ, ಇನ್ನೊಂದು ಮಕ್ಕಳ ಜನನ ಪತ್ರ.

ಜನನ ಪತ್ರದಲ್ಲಿಯೇ ತೊಡಕು ಹೆಚ್ಚು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮ ಕಡೆಯ ಪದ್ಧತಿ. ಗಂಡನ ಮನೆ ಬೈಲಹೊಂಗಲ, ತವರು ರಾಮದುರ್ಗದ ಕಡೆಯ ಹಳ್ಳಿ ಎಂದಾದರೆ, ಕೂಸಿನ ದಾಖಲೆ ಇರುವುದು ರಾಮದುರ್ಗದ ಕಡೆಗೆ. ಏಕೆಂದರೆ ಹುಟ್ಟಿದ ಸ್ಥಳದಲ್ಲಿಯೇ ನೋಂದಣಿ ಎನ್ನುತ್ತದೆ 1969ರ ಕಾಯಿದೆ. ತಂದೆ ಬೈಲಹೊಂಗಲದ ಪುರಸಭೆಗೆ ಹತ್ತು ಸಲ ಅಲೆದರೂ ಇಲ್ಲದ್ದನ್ನು ಅವರು ಎಲ್ಲಿಂದ ಕೊಡಬೇಕು? ಇನ್ನು ಹೆರಿಗೆಯ ಹೊತ್ತಿಗೆ ಕೂಸಿಗೆ ಹೆಸರಿರುವುದಿಲ್ಲ. ತೊಟ್ಟಿಲಿಗೆ ಹಾಕುವುದು ಆಮೇಲೆ. ಹೆಸರಿನ ಸ್ಥಳ ಖಾಲಿ ಉಳಿಯುತ್ತದೆ. ಹನ್ನೆರಡು ತಿಂಗಳೊಳಗೆ ಹೋದರೆ ಶುಲ್ಕವಿಲ್ಲದೆ ಹೆಸರು ಬರೆಯುತ್ತಾರೆ, ಆಮೇಲೆ ಶುಲ್ಕ ತೆತ್ತು 15 ವರ್ಷದವರೆಗೆ ಬರೆಸಬಹುದು. ಅಷ್ಟು ಅವಕಾಶವಿದ್ದೂ ನಾವು ಹೋಗುವುದಿಲ್ಲ. ಹೋದವರಾದರೂ ತಾಯಿಯ ಹೆಸರು ಏನೆಂದು ಬರೆದಿದೆ ಎಂದು ನೋಡುವುದಿಲ್ಲ. ಜನನ ಪತ್ರದಲ್ಲಿ ಬಸವ್ವ, ಆಧಾರಿನಲ್ಲಿ ಬಸಮ್ಮ, ಪಾಸ್‌ಪೋರ್ಟಿನಲ್ಲಿ ಬಸವಣ್ಣೆವ್ವ. ನಮಗೆ ಒಬ್ಬಳೇ ತಾಯಿ, ಕಚೇರಿಗೆ ಮೂವರು ಹೆಂಗಸರು.

ದಾಖಲೆಯೇ ಆಗಿರದ ಮಕ್ಕಳ ಸಂಗತಿ ಇನ್ನೂ ಕಷ್ಟದ್ದು. ಹಿಂದೆ ಒಂದು ವರ್ಷ ದಾಟಿದರೆ ಪ್ರಥಮ ದರ್ಜೆಯ ಮ್ಯಾಜಿಸ್ಟ್ರೇಟರ ಆಜ್ಞೆ ಬೇಕಾಗಿತ್ತು; ಅಂದರೆ ವಕೀಲ, ತಾರೀಖು, ಮತ್ತೆ ತಾರೀಖು. 2023ರ ತಿದ್ದುಪಡಿ ಅಕ್ಟೋಬರ್ 1ರಿಂದ ಜಾರಿಗೆ ಬಂದು ಆ ಅಧಿಕಾರವನ್ನು ಜಿಲ್ಲಾ ಇಲ್ಲವೆ ಉಪವಿಭಾಗ ದಂಡಾಧಿಕಾರಿಗೆ, ಅಥವಾ ಜಿಲ್ಲಾ ದಂಡಾಧಿಕಾರಿ ನೇಮಿಸಿದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಕೊಟ್ಟಿದೆ. ನಮ್ಮ ಹಿರಿಯರು ಪ್ರಾಂತ ಸಾಹೇಬರೆಂದು ಕರೆಯುತ್ತಿದ್ದ ಉಪವಿಭಾಗಾಧಿಕಾರಿಯ ಕಚೇರಿ ಇದೇ ಬೈಲಹೊಂಗಲದಲ್ಲಿದೆ. ಇದು ಸುಧಾರಣೆಯೇ ಸರಿ. ಆದರೆ ರಾಮದುರ್ಗದ ನೇಕಾರ ಇಲ್ಲಿಗೆ ಬಂದು ಹೋದರೆ ಆ ದಿನ ಮಗ್ಗ ನಿಂತಂತೆಯೇ. ಅದೇ ದಿನದ ನಂತರ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ತಾರೀಖಿಗೆ ಜನನ ಪತ್ರವೊಂದೇ ಆಧಾರವೆಂದು 2025ರಲ್ಲಿ ನಿಯಮವಾಗಿದೆ. ಶಾಲೆಯ ದಾಖಲೆ ತೋರಿಸಿ ಪಾರಾಗುವ ಕಾಲ ಅವರಿಗಿಲ್ಲ.

ಮದುವೆಯ ವಿಷಯ ಸುಲಭ. ಲಗ್ನಪತ್ರಿಕೆ, ಫೋಟೋ, ಮಠದ ಸಾಮೂಹಿಕ ವಿವಾಹದ ಚೀಟಿ, ಜಮಾತಿನ ಬರಹ ಇವು ಆಧಾರಗಳು ಮಾತ್ರ. ನೋಂದಣಿ ಪತ್ರ ಕೊಡುವವನು ಉಪನೋಂದಣಾಧಿಕಾರಿ. ಎಲ್ಲ ಮದುವೆಗಳನ್ನೂ ನೋಂದಾಯಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿಯೇ ಹೇಳಿದೆ. ಲಗ್ನವಾಗಿ ಹತ್ತು ವರ್ಷವಾಯಿತೆಂದು ಸಂಕೋಚ ಬೇಡ, ಈಗಲೂ ಆಗುತ್ತದೆ.

ಈ ಎರಡು ಪತ್ರಗಳಿಗೆ ಬೆಂಗಳೂರಿನಲ್ಲಿ ರಾಜ್ಯ ಸರಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಖಾತೆಯ ಮುದ್ರೆ ಬೀಳಬೇಕು. ಒಮಾನ್, ಬಹರೇನ್, 2022ರಿಂದ ಸೌದಿ ಅರೇಬಿಯಾ ಇವು ಅಪೊಸ್ಟಿಲ್ ಒಪ್ಪಂದದಲ್ಲಿರುವುದರಿಂದ ಅಲ್ಲಿಗೆ ಆ ಒಂದು ಮುದ್ರೆ ನಡೆಯುತ್ತದೆ. ಒಪ್ಪಂದಕ್ಕೆ ಸೇರದ ದೇಶವಾದರೆ ಅದರ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ದಲ್ಲಾಳಿ ಹಣ ಎಣಿಸುವುದು ಈ ಘಟ್ಟದಲ್ಲಿ. ಅಕ್ಷರ ತಪ್ಪಿದ ಪತ್ರ ಮುದ್ರೆಯೆಲ್ಲ ಬಿದ್ದ ಮೇಲೆ ತಿರಸ್ಕಾರವಾದರೆ ಮತ್ತೆ ಮೊದಲಿನಿಂದ ಖರ್ಚು, ಮತ್ತೆ ಅವನಿಗೆ ದಲಾಲಿ.

ಕಚೇರಿಗಳಲ್ಲಿ ನಾಳೆ ಬಾ ಎನ್ನುವ ರೋಗಕ್ಕೂ ಒಂದು ಕಾಯಿದೆ ಇದೆ. 2011ರ ಸಕಾಲ ಕಾಯಿದೆಯಲ್ಲಿ ಸೇರಿದ ಸೇವೆಗಳಿಗೆ ಗಡುವು ಉಂಟು. ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ಮೊತ್ತ ಸಣ್ಣದೇ, ಆದರೆ ಅದು ತಡಮಾಡಿದ ನೌಕರನ ಜೇಬಿನಿಂದ ಹೋಗುತ್ತದೆ. ಅರ್ಜಿಯನ್ನು ಕೈಯಲ್ಲಿ ಕೊಟ್ಟು ಬರಿಗೈಯಲ್ಲಿ ಮರಳಬೇಡಿರಿ. ಸಕಾಲ ಸಂಖ್ಯೆ ಇರುವ ರಶೀದಿ ಕೇಳಿ ಪಡೆಯಿರಿ.

ಸರಕಾರಕ್ಕೆ ನಮ್ಮ ಬೇಡಿಕೆ ಇಷ್ಟು. ಹೆಸರಿಲ್ಲದ ಜನನ ದಾಖಲೆಗಳ ಯಾದಿಯನ್ನು ಪ್ರತಿ ಹೋಬಳಿಯಲ್ಲಿ ಹಚ್ಚಬೇಕು. ತಡವಾದ ನೋಂದಣಿಯ ವಿಚಾರಣೆಗೆ ಉಪವಿಭಾಗಾಧಿಕಾರಿಗಳು ತಿಂಗಳಿಗೊಮ್ಮೆ ಸವದತ್ತಿಗೂ ರಾಮದುರ್ಗಕ್ಕೂ ಕಿತ್ತೂರಿಗೂ ತಾವೇ ಹೋಗಬೇಕು. ಅವರಿಗೆ ಜೀಪು ಇದೆ. ಈ ಅರ್ಜಿಗೆ ಸಹಿ ಮಾಡುವವರು ಸಭೆ ಮುಗಿದ ಮೇಲೆ ಬಾಗಿಲ ಹತ್ತಿರದ ಮೇಜಿಗೆ ಬರಬೇಕು.