ಮೈನಸ್ ಗಾಜಿನ ಕಥೆ

ಮನೆಯಲ್ಲಿ ಯಾರದಾದರೂ ಮೈನಸ್ ಪವರಿನ ಕನ್ನಡಕ ಇದ್ದರೆ ಬಿಸಿಲಿಗೆ ಹಿಡಿದು, ನೆಲದ ಮೇಲೆ ಬೀಳುವ ಅದರ ನೆರಳು ನೋಡಿ. ಗಾಜು ಎಷ್ಟೇ ತಿಳಿಯಾಗಿರಲಿ, ನಡುವೆ ಮಬ್ಬು, ಅಂಚಿಗೆ ಬೆಳಕಿನ ಗೆರೆ. ಭೂತಗನ್ನಡಿ ಬಿಸಿಲನ್ನು ಒಂದೆಡೆ ಕೂಡಿಸಿದರೆ ಈ ಗಾಜು ಹೊರಕ್ಕೆ ಚದುರಿಸುತ್ತದೆ. ನಡುವೆ ತೆಳು, ಅಂಚಿನಲ್ಲಿ ದಪ್ಪ ಇರುವ ಇದೇ ನಿಮ್ನ ಮಸೂರ.

ವಯಸ್ಸಾದವರ ಓದಿಗೆ ನೆರವಾಗುವ ಉಬ್ಬು ಗಾಜಿನ ಕನ್ನಡಕ ಇಟಲಿಯಲ್ಲಿ 13ನೆಯ ಶತಮಾನದ ಕೊನೆಗೇ ಬಂದಿತ್ತು. ನಿಮ್ನ ಮಸೂರ ಬೇಕಾದ, ದೂರದ್ದು ಕಾಣದವರ ಸರದಿ ಬರಲು ಮತ್ತೆ ನೂರೈವತ್ತು ವರ್ಷವೇ ಬೇಕಾಯಿತು. 1462ರಲ್ಲಿ ಮಿಲಾನಿನ ದೊರೆ ಫ್ರಾಂಚೆಸ್ಕೊ ಸ್ಫೋರ್ಜಾ, ಫ್ಲಾರೆನ್ಸಿನಲ್ಲಿದ್ದ ತನ್ನ ರಾಯಭಾರಿಗೆ ಪತ್ರ ಬರೆದು ಮೂರು ಡಜನ್ ಕನ್ನಡಕ ತರಿಸಿದ. ಅದರಲ್ಲಿ ಒಂದು ಡಜನ್ ದೂರದ ನೋಟಕ್ಕೆ, ಅಂದರೆ ಹರೆಯದವರಿಗೆ. ರಾಫೆಲ್ ಬರೆದ ಪೋಪ್ ಹತ್ತನೆಯ ಲಿಯೊನ ಚಿತ್ರದಲ್ಲಿ ಅವನ ಕೈಯಲ್ಲಿರುವುದೂ ಇಂಥದೇ ಗಾಜು.

ಗಾಜು ಬಳಕೆಗೆ ಬಂದರೂ ಅದು ಕೆಲಸ ಮಾಡುವ ಬಗೆ ಒಗಟಾಗಿಯೇ ಇತ್ತು. 1604ರಲ್ಲಿ ಯೋಹಾನೆಸ್ ಕೆಪ್ಲರ್ ಆ ಗಂಟು ಬಿಚ್ಚಿದ. ಚಿತ್ರ ಮೂಡುವುದು ಕಣ್ಣಿನ ಹಿಂಗೋಡೆಯ ಅಕ್ಷಿಪಟಲದ ಮೇಲೆ. ಸಮೀಪದೃಷ್ಟಿಯವರಲ್ಲಿ ದೂರದ ಕಿರಣಗಳು ಅಲ್ಲಿಗೆ ಮುಟ್ಟುವ ಮೊದಲೇ ಕೂಡಿಬಿಡುತ್ತವೆ. ನಿಮ್ನ ಮಸೂರ ಅವನ್ನು ಮೊದಲೇ ಸ್ವಲ್ಪ ಹರಡುವುದರಿಂದ ಅವು ಸರಿಯಾದ ಜಾಗದಲ್ಲಿ ಕೂಡುತ್ತವೆ. ಗೆಲಿಲಿಯೊ 1609ರಲ್ಲಿ ಕಟ್ಟಿದ ದೂರದರ್ಶಕದಲ್ಲೂ ಕಣ್ಣಿನ ಬದಿಗಿದ್ದುದು ಇದೇ ಮಸೂರ. ಅದರಿಂದಾಗಿ ದೂರದ ಹಡಗು ತಲೆಕೆಳಗಾಗದೆ ನೆಟ್ಟಗೆ ಕಂಡಿತು.

ಹೀಗೆ ಹರಡಿದ ಕಿರಣಗಳನ್ನು ಹಿಂದಕ್ಕೆ ಎಳೆದು ನೋಡಿದರೆ, ವಸ್ತು ಇರುವ ಬದಿಯಲ್ಲೇ ಒಂದು ಬಿಂದುವಿನಿಂದ ಹೊರಟಂತೆ ತೋರುತ್ತವೆ. ಅಲ್ಲಿ ಪ್ರತಿಬಿಂಬ: ನೆಟ್ಟಗಿನದು, ವಸ್ತುವಿಗಿಂತ ಚಿಕ್ಕದು. ಆ ಜಾಗದಲ್ಲಿ ಕಾಗದ ಹಿಡಿದರೆ ಏನೂ ಮೂಡದು. ಅದಕ್ಕೇ ಮಿಥ್ಯ ಪ್ರತಿಬಿಂಬ ಎಂಬ ಹೆಸರು. ವಸ್ತು ಮಸೂರದಿಂದ 50 ಸೆಂ.ಮೀ. ದೂರದಲ್ಲಿದ್ದು, ಮಸೂರದ ಸಂಗಮ ದೂರ (ತೀರ ದೂರದ ವಸ್ತುವಿನ ಪ್ರತಿಬಿಂಬ ನಿಲ್ಲುವ ದೂರ) ಕೂಡ ಅಷ್ಟೇ ಆದರೆ, ಪ್ರತಿಬಿಂಬ 25 ಸೆಂ.ಮೀ.ನಲ್ಲಿ, ಅರ್ಧ ಗಾತ್ರದಲ್ಲಿ. ವಸ್ತುವನ್ನು ದೂರ ಸರಿಸುತ್ತ ಹೋದರೂ ಪ್ರತಿಬಿಂಬ 50 ಸೆಂ.ಮೀ. ಗೆರೆ ದಾಟುವುದಿಲ್ಲ.

ಮುಂದಿನ ಸಲ ಕನ್ನಡಕದ ಚೀಟಿಯಲ್ಲಿ ಮೈನಸ್ 2 ಎಂದಿದ್ದರೆ, 100ನ್ನು ಎರಡರಿಂದ ಭಾಗಿಸಿ; ಬರುವುದು ಸೆಂ.ಮೀ.ನಲ್ಲಿ ಸಂಗಮ ದೂರ. ಬೀದಿಯಾಚೆಯ ಬೋರ್ಡು, ಬೆಟ್ಟ, ಚಂದ್ರ, ಎಲ್ಲವೂ ನಿಮ್ಮ ಗಾಜಿನ ಮುಂದೆ ಆ 50 ಸೆಂ.ಮೀ. ಒಳಗೇ ಬಂದು ನಿಲ್ಲುತ್ತವೆ.